ಕಾಗೆಯ ಕಾಲು ತೊಳೆಸಲಾಗದ ಅಧ್ಯಕ್ಷ

ಕೂಳೂರು ಸೇತುವೆ ದಾಟಿ ಹೊಳೆಯ ಕಡೆಗೆ ಇಳಿಯುವ ಮಣ್ಣುದಾರಿಯ ಕೊನೆಯಲ್ಲಿ ಹನ್ನೊಂದು ಸಿಗಡಿ ಕೆರೆಗಳಿವೆ. ಆ ಸೀಮೆಗೆ ಯಾರೇ ಕಾಲಿಡಲಿ, ಮೊದಲು ಒಂದು ಸಿಮೆಂಟು ತೊಟ್ಟಿಯಲ್ಲಿ ಎರಡೂ ಪಾದ ಮುಳುಗಿಸಿ ಹತ್ತು ಎಣಿಸಬೇಕು. ತೊಟ್ಟಿಯಲ್ಲಿರುವುದು ನೇರಳೆ ಬಣ್ಣದ ಔಷಧಿ ನೀರು. ತೊಟ್ಟಿಯ ಪಕ್ಕದ ಕುರ್ಚಿಯಲ್ಲಿ ಕುಳಿತು ಹತ್ತು ಎಣಿಸುತ್ತಿದ್ದವನು ಪೂವಪ್ಪ. ಕರೆಂಟಿನ ಮೀಟರು ನೋಡಲು ಬಂದವನಿಗೂ ಬಿಡುಗಡೆಯಿರಲಿಲ್ಲ, ವಿಮೆಯ ಏಜೆಂಟನಿಗೂ ಇರಲಿಲ್ಲ. ಒಮ್ಮೆ ಮದುವೆಯ ಕಾಗದ ಕೊಡಲು ಬಂದ ಮದುಮಗನನ್ನೇ ಅದರಲ್ಲಿ ನಿಲ್ಲಿಸಿದ್ದ. ಆ ಹುಡುಗ ನಾಲ್ಕು ದಿನ ಕಲ್ಲಿನಲ್ಲಿ ತಿಕ್ಕಿದರೂ ಬಣ್ಣ ಹೋಗದೆ, ಮದುವೆಯ ಮಂಟಪದಲ್ಲಿ ಕುಂಟುನೇರಳೆ ಹಣ್ಣು ತುಳಿದು ಬಂದವನ ಹಾಗೆ ನಿಂತಿದ್ದನಂತೆ. ಪೂವಪ್ಪ ಆ ಮದುವೆಗೆ ಹೋಗಿ, ವರನ ಪಾದ ನೋಡಿ, "ಎಷ್ಟು ಚೊಕ್ಕ ಉಂಟು ನೋಡಿ" ಎಂದು ಪಕ್ಕದವರಿಗೆ ತೋರಿಸಿ ಊಟ ಮಾಡಿ ಬಂದ.

ಪೂವಪ್ಪ ಕುದ್ರೋಳಿಯ ಮೊಗವೀರರ ಮನೆಯವನು. ಅಜ್ಜನೂ ಅಪ್ಪನೂ ಕಡಲಿನಲ್ಲಿ ಬದುಕಿದವರು. ಇವನು ಐದನೆಯ ಇಯತ್ತೆ ಮುಗಿಸಿ ಬಂದರಿನಿಂದ ಬೋಟು ಹತ್ತಿದ. ಮೂವತ್ತನೆಯ ವಯಸ್ಸಿಗೆ ಬಲೆ ಎಳೆಯುವಾಗ ಸೊಂಟ ಹಿಡಿದುಕೊಂಡಿತು. ಕಡಲು ಬಿಟ್ಟವನು ಹೊಳೆಬದಿಯ ಉಪ್ಪುನೀರಿನ ಗದ್ದೆಯೊಂದನ್ನು ಕೆರೆ ಮಾಡಿ ಸಿಗಡಿ ಸಾಕಲು ಕುಳಿತ. ತುಳುವಿನಲ್ಲಿ ಅದಕ್ಕೆ ಎಟ್ಟಿ. ಕಡಲಿನ ಎಟ್ಟಿ ತಾನೇ ಹುಟ್ಟಿ ತಾನೇ ಬೆಳೆದು ಬಲೆಗೆ ಬೀಳುತ್ತದೆ. ಕೆರೆಯ ಎಟ್ಟಿಗೆ ಉಸಿರಾಡಲಿಕ್ಕೂ ಯಂತ್ರ ತಿರುಗಬೇಕು, ಉಣ್ಣಲಿಕ್ಕೂ ಗಂಟೆ ಹೊಡೆಯಬೇಕು. ಇಷ್ಟು ಕೊಂಗಾಟದ, ಮುದ್ದಿನ ಪ್ರಾಣಿಯನ್ನು ಸಾಕುವ ವಿದ್ಯೆಯನ್ನು ಪೂವಪ್ಪನಿಗೆ ಯಾವ ಗುರುವೂ ಹೇಳಿಕೊಡಲಿಲ್ಲ. ಮೇವಿನ ಚೀಲದ ಮೇಲೆ ಅಚ್ಚು ಹಾಕಿದ್ದನ್ನು ಒಂದೊಂದೇ ಅಕ್ಷರ ಕೂಡಿಸಿ ಓದಿ ಇಂಗ್ಲಿಷು ಕಲಿತ. ಮೀನುಗಾರಿಕೆ ಇಲಾಖೆಯವರು ಹಂಚಿದ ಕರಪತ್ರಗಳನ್ನು ಸೂಜಿದಾರದಲ್ಲಿ ಹೊಲಿದು ಪುಸ್ತಕ ಮಾಡಿದ. ಕೆಸರನ್ನು ಮೂಗಿಗೆ ಹಿಡಿದೇ ಅದರ ಗುಣ ಹೇಳುವಷ್ಟು ಪಳಗಿದ. ಹೊಳೆಬದಿಯವರು ಅವನಿಗೆ ಎಟ್ಟಿ ಡಾಕ್ಟ್ರು ಎಂದು ಹೆಸರಿಟ್ಟರು. ಅದರಲ್ಲಿ ಅರ್ಧ ಗೌರವ, ಅರ್ಧ ತಮಾಷೆ. ಪೂವಪ್ಪ ಗೌರವದ ಅರ್ಧವನ್ನು ಮಾತ್ರ ಕೇಳಿಸಿಕೊಂಡ.

ಆದರೆ ಅವನ ನೇರಳೆ ನೀರಿನ ಹುಚ್ಚಿಗೆ ಒಂದು ಹಳೆಯ ಗಾಯದ ಕಾರಣವಿತ್ತು. ತೊಂಬತ್ತರ ದಶಕದಲ್ಲಿ, ಅವನು ಕೆರೆ ಮಾಡಿದ ಹೊಸತರಲ್ಲಿ, ಬಿಳಿ ಚುಕ್ಕಿ ರೋಗ ಬಂದಿತ್ತು. ಅದು ಬಂದರೆ ಎಟ್ಟಿ ಮೇವು ಬಿಡುತ್ತದೆ, ದಂಡೆಗೆ ಬಂದು ಒರಗುತ್ತದೆ, ಚಿಪ್ಪಿನ ಮೇಲೆ ಸುಣ್ಣದ ಹನಿಯಂಥ ಚುಕ್ಕಿ ಏಳುತ್ತದೆ, ನಾಲ್ಕೈದು ದಿನದಲ್ಲಿ ಕೆರೆಗೆ ಕೆರೆಯೇ ಸತ್ತು ಮಲಗುತ್ತದೆ. ಮನುಷ್ಯ ತಿಂದರೆ ಏನೂ ಆಗುವುದಿಲ್ಲ, ಎಟ್ಟಿಗೆ ಮಾತ್ರ ಮದ್ದಿಲ್ಲ. ಆಗ ಮೇಲಿನ ಕೆರೆಯವನೊಬ್ಬ ತನ್ನ ಕೆರೆಗೆ ರೋಗ ತಗಲಿದ್ದನ್ನು ಯಾರಿಗೂ ಹೇಳದೆ ತೂಬಿನ ಹಲಗೆ ಎತ್ತಿ ನೀರನ್ನೆಲ್ಲ ತೋಡಿಗೆ ಬಿಟ್ಟ. ತೋಡು ಎಲ್ಲರಿಗೂ ಒಂದೇ. ಎಲ್ಲರೂ ನೀರು ತೆಗೆದುಕೊಳ್ಳುವುದೂ ಅದರಿಂದ, ಬಿಡುವುದೂ ಅದಕ್ಕೆ. ವಾರದೊಳಗೆ ಹೊಳೆಬದಿಯ ಒಂದು ಕೆರೆಯೂ ಉಳಿಯಲಿಲ್ಲ. ಆ ಮನುಷ್ಯ ತೀರಿಕೊಂಡಾಗ ಪೂವಪ್ಪ ಸಾವಿನ ಮನೆಗೂ ಹೋಗಲಿಲ್ಲ. "ಅವನ ಮುಖ ನೋಡಿದ್ರೆ ನನಗೆ ತೂಬು ಕಾಣ್ತದೆ" ಎಂದಿದ್ದ.

ಹಾಗಾಗಿ ಹನ್ನೊಂದು ಕೆರೆಯವರನ್ನು ಸೇರಿಸಿ ರೋಗ ತಡೆ ಸಮಿತಿ ಮಾಡಿದವನು ಅವನೇ, ಅಧ್ಯಕ್ಷನೂ ಅವನೇ, ಕಾನೂನು ಬರೆದವನೂ ಅವನೇ. ಯಾರ ಕೆರೆಗೆ ರೋಗ ಬಂದರೂ ಆ ಗಂಟೆಯಲ್ಲೇ ಕೆಂಪು ಬಾವುಟ ಕಟ್ಟಬೇಕು. ತೂಬು ಎತ್ತಬಾರದು. ಕೆರೆಗೆ ಬ್ಲೀಚಿಂಗ್ ಪೌಡರ್ ಸುರಿದು ನೀರನ್ನು ಒಳಗೇ ಕೊಲ್ಲಬೇಕು. ಪ್ರಯೋಗಾಲಯದವರು ವರದಿಯನ್ನು ನೇರವಾಗಿ ಸಮಿತಿಯ ವಾಟ್ಸಾಪಿಗೇ ಹಾಕಬೇಕು. ಆಮೇಲೆ ಆ ಕೆರೆಯವನು ಸಭೆಯಲ್ಲಿ ಎದ್ದುನಿಂತು ರೋಗ ಹೇಗೆ ಬಂತೆಂದು ಬಾಯಿಬಿಟ್ಟು ಹೇಳಬೇಕು. ಈ ಕಾನೂನನ್ನು ಓದಿ ಹೇಳುವಾಗಲೆಲ್ಲ ಪೂವಪ್ಪ ಕೊನೆಗೊಂದು ಮಾತು ಸೇರಿಸುತ್ತಿದ್ದ.

"ರೋಗದ ಮೊದಲ ಲಕ್ಷಣ ಕಾಣುವುದು ಎಟ್ಟಿಯ ಚಿಪ್ಪಿನಲ್ಲಿ ಅಲ್ಲ, ಯಜಮಾನನ ಬಾಯಿಯಲ್ಲಿ. 'ನಮ್ಮದರಲ್ಲಿ ಎಂತದೂ ಇಲ್ಲ' ಅಂತಾನೆ. ಅವನನ್ನು ನಂಬಬೇಡಿ. ಚೀಲ ಹೊತ್ತುಕೊಂಡು ಹೋಗಿ, ಸುರೀರಿ."

ಹೇಳುವಾಗ ಅವನ ಕಣ್ಣು ವಾಲ್ಟರನ ಕಡೆಗೆ ತಿರುಗುತ್ತಿತ್ತು. ವಾಲ್ಟರ್ ಪಕ್ಕದ ಕೆರೆಯವನು, ಪುಕ್ಕಲ. ಎಟ್ಟಿ ಒಂದು ಹೊತ್ತು ಮೇವು ಕಡಿಮೆ ತಿಂದರೂ ನಾಲ್ಕು ಎಟ್ಟಿಯನ್ನು ಡಬ್ಬಿಗೆ ಹಾಕಿ ನಂತೂರಿನ ಹತ್ತಿರವಿದ್ದ ಪ್ರಯೋಗಾಲಯಕ್ಕೆ ಓಡುತ್ತಿದ್ದ.

"ಏನು ಪೊರ್ಬುಗಳೇ," ಕ್ರೈಸ್ತ ಗಂಡಸರನ್ನು ಊರಿನಲ್ಲಿ ಕರೆಯುವ ಹಾಗೆಯೇ ಪೂವಪ್ಪ ಕರೆಯುತ್ತಿದ್ದ, "ಇವತ್ತು ಎಂತ? ಎಟ್ಟಿ ಸೀನಿತಾ?"

"ನೀನು ಮೂಗಿನಲ್ಲೇ ನೋಡ್ತೀಯ ಮಾರಾಯ. ನನಗೆ ಅಷ್ಟು ದೊಡ್ಡ ಮೂಗು ಇಲ್ಲ. ನಾನು ಮಿಷಿನಿನಲ್ಲಿ ನೋಡಿಸ್ತೇನೆ," ಎನ್ನುತ್ತಿದ್ದ ವಾಲ್ಟರ್.

ಏಪ್ರಿಲಿನ ಮೊದಲ ಭಾನುವಾರ ಸಮಿತಿಯ ಸಭೆ ಪೂವಪ್ಪನ ಕೆರೆಯ ಮೇಲಿನ ಶೆಡ್ಡಿನಲ್ಲಿ. ಸಭೆಯೆಂದರೆ ಭಾಷಣಕ್ಕಿಂತ ಮೇಲಾಗಿ ಊಟ. ಬೆಳಗ್ಗೆ ಹೆಂಡತಿ ವಾರಿಜಾಕ್ಷಿಯನ್ನು ಕರೆದುಕೊಂಡು ಬಂದರಿನ ಮೀನು ಮಾರುಕಟ್ಟೆಗೆ ಹೋದ. ವಾರಿಜಾಕ್ಷಿ ಇಪ್ಪತ್ತೆರಡು ವರ್ಷ ಅಲ್ಲಿ ಬುಟ್ಟಿ ಇಟ್ಟು ಮೀನು ಮಾರಿದವಳು. ಒಂದು ಮೂಲೆಯಲ್ಲಿ ಸಣ್ಣ ಎಟ್ಟಿಯ ರಾಶಿ, ಬೇರೆಯವರ ಅರ್ಧ ಕ್ರಯಕ್ಕೆ. ಅವಳು ಒಂದನ್ನು ಎತ್ತಿ ಹೆಬ್ಬೆರಳಿನಲ್ಲಿ ಒತ್ತಿ ಕೆಳಗೆ ಹಾಕಿದಳು.

"ಇದು ಕಡಲಿನದ್ದಲ್ಲ. ಯಾರದೋ ಕೆರೆಯದ್ದು. ಅವಸರದಲ್ಲಿ ಎಳೆದು ಹಾಕಿದ್ದಾರೆ. ಬೇಡ, ಮುಂದೆ ಬನ್ನಿ."

"ನನಗೆ ಗೊತ್ತಿಲ್ವಾ?" ಪೂವಪ್ಪ ರಾಶಿಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. "ಎಲ್ಲೋ ರೋಗ ಬಂದಿದೆ, ಹೆದರಿ ಹಿಡಿದು ಮಾರಿದ್ದಾರೆ. ಅಲ್ಲಿ ಸಮಿತಿ ಇಲ್ಲ, ಕಾನೂನು ಇಲ್ಲ. ತಿಂದ್ರೆ ಮನುಷ್ಯನಿಗೆ ಎಂತದೂ ಆಗುದಿಲ್ಲ ವಾರಿಜಾ, ಕರಪತ್ರದಲ್ಲಿ ಉಂಟು. ಇವತ್ತಿನ ಭಾಷಣಕ್ಕೂ ಆಯ್ತು, ಸುಕ್ಕಕ್ಕೂ ಆಯ್ತು."

ಆರು ಕಿಲೋ ತೂಗಿಸಿದ. ಶೆಡ್ಡಿನ ಹಿಂದೆ ವಾರಿಜಾಕ್ಷಿ ತಲೆ ಮುರಿದು ಸಿಪ್ಪೆ ಬಿಡಿಸಿದಳು. ಅತ್ತ ಪೂವಪ್ಪ ಒಂದು ಎಟ್ಟಿಯನ್ನು ಬೆಳಕಿಗೆ ಹಿಡಿದು, ಚುಕ್ಕಿ ತೋರಿಸಿ, ಅಜ್ಞಾನದಿಂದ ಆಗುವ ಅನಾಹುತಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ. ತೆಂಗಿನತುರಿ ಹಾಕಿ ಹುರಿದ ಸುಕ್ಕ ಚೆನ್ನಾಗಿತ್ತು. ಊಟವಾದ ಮೇಲೆ ಒಂದು ಪಾತ್ರೆ ತುಂಬ ಉಳಿದ ತಲೆ, ಸಿಪ್ಪೆಯನ್ನು ಪೂವಪ್ಪನೇ ಹೊತ್ತುಕೊಂಡು ಹೋಗಿ ದಂಡೆಯ ಮೇಲಿನ ತೆಂಗಿನ ಬುಡಕ್ಕೆ ಸುರಿದ. ಕರಾವಳಿಯಲ್ಲಿ ಎಟ್ಟಿ ಸಿಪ್ಪೆ ಬೇರೆಲ್ಲಿಗಾದರೂ ಹೋಗುವುದುಂಟೆ? ಅವನ ಅಮ್ಮ ಹಾಕಿದ್ದು ತೆಂಗಿನ ಬುಡಕ್ಕೆ, ಅಜ್ಜಿ ಹಾಕಿದ್ದು ತೆಂಗಿನ ಬುಡಕ್ಕೆ. ಅದು ಕೈಯೇ ಮಾಡುವ ಕೆಲಸ, ತಲೆಗೆ ಅದರಲ್ಲಿ ಪಾಲಿಲ್ಲ. ತೆಂಗಿನ ನೆರಳು ನೇರವಾಗಿ ಕೆರೆಗೆ ಬೀಳುತ್ತಿತ್ತು. ಹಿಂತಿರುಗುವಾಗ ಪೂವಪ್ಪ ಮರೆಯದೆ ತೊಟ್ಟಿಯಲ್ಲಿ ಕಾಲು ಮುಳುಗಿಸಿ ಹತ್ತು ಎಣಿಸಿದ. ಅವನು ಏಳು ಎಣಿಸುವಷ್ಟರಲ್ಲಿ ಮೊದಲ ಕಾಗೆ ತೆಂಗಿನ ಬುಡಕ್ಕೆ ಇಳಿದಿತ್ತು.

ಶುಕ್ರವಾರ ಎಟ್ಟಿ ಮೇವು ಬಿಟ್ಟಿತು. ಮೇವಿನ ತಟ್ಟೆಯನ್ನು ಎತ್ತಿ ನೋಡಿದರೆ ಹಾಕಿದ್ದು ಹಾಕಿದ ಹಾಗೆ ಇತ್ತು. ಸೆಕೆಗೆ ಹೀಗೆ ಎಂದುಕೊಂಡ ಪೂವಪ್ಪ. ಶನಿವಾರ ಬೆಳಗ್ಗೆ ಹತ್ತಿಪ್ಪತ್ತು ಎಟ್ಟಿ ದಂಡೆಯ ಅಂಚಿಗೆ ಬಂದು, ಜ್ವರ ಬಂದವರು ಗೋಡೆಗೆ ಒರಗಿದ ಹಾಗೆ ಒರಗಿದ್ದವು. ಕೈ ಹಾಕಿದರೆ ಓಡಲಿಲ್ಲ. ನೀರಿನಲ್ಲಿ ಗಾಳಿ ಸಾಲದು ಎಂದು ಯಂತ್ರ ಜೋರು ಮಾಡಿದ. ಒಂದು ಎಟ್ಟಿಯ ಚಿಪ್ಪು ಕಳಚಿ ಬೆಳಕಿಗೆ ಹಿಡಿದ. ಚುಕ್ಕಿ ಇದ್ದ ಹಾಗೂ ಕಂಡಿತು, ಇಲ್ಲದ ಹಾಗೂ ಕಂಡಿತು. ಬೇರೆಯವರ ಎಟ್ಟಿಯಾಗಿದ್ದರೆ ಮಾರು ದೂರದಿಂದಲೇ ಹೇಳಿಬಿಡುತ್ತಿದ್ದ. ತನ್ನದಾದ್ದರಿಂದ ಕನ್ನಡಕ ಒರೆಸಿಕೊಂಡ.

"ನಮ್ಮದರಲ್ಲಿ ಎಂತದೂ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡ.

ಆದರೂ ಖಾತ್ರಿ ಮಾಡಿಕೊಳ್ಳಬೇಕಲ್ಲ. ನಾಲ್ಕು ಎಟ್ಟಿಯನ್ನು ಮಂಜುಗಡ್ಡೆಯ ಜೊತೆ ಊಟದ ಕ್ಯಾರಿಯರಿಗೆ ತುಂಬಿ, ಕೊರೊನಾದ ಕಾಲದ ಒಂದು ಮಾಸ್ಕು ಹುಡುಕಿ ಮುಖಕ್ಕೆ ಕಟ್ಟಿಕೊಂಡು ನಂತೂರಿನ ಬಸ್ಸು ಹತ್ತಿದ. ನಂತೂರಿನಲ್ಲಿ ಲಾರಿಗಳ ಸಾಲು, ಬಸ್ಸು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಮಂಜು ಕರಗಿ ಪಕ್ಕದ ಹೆಂಗಸಿನ ಚಪ್ಪಲಿಯ ಮೇಲೆ ತೊಟ್ಟಿಕ್ಕಿತು. "ಎಂತ ಪದಾರ್ಥ ಅಜ್ಜಾ, ವಾಸನೆ ಒಳ್ಳೆದುಂಟು," ಎಂದಳು ಅವಳು. ಪೂವಪ್ಪ ಕಿಟಕಿಯ ಹೊರಗೆ ನೋಡಿದ. ಎಟ್ಟಿ ಡಾಕ್ಟ್ರು ಹೆದರಿ ಪರೀಕ್ಷೆಗೆ ಹೋದರಂತೆ ಎಂಬ ಮಾತು ಹೊಳೆಬದಿಗೆ ಮುಟ್ಟಿದರೆ? ರೋಗವಂತೂ ಇರಲಿಕ್ಕಿಲ್ಲ. ಇಲ್ಲದ ರೋಗಕ್ಕೆ ಇದ್ದ ಮಾನ ಯಾಕೆ ಕೊಡಬೇಕು?

ಪ್ರಯೋಗಾಲಯದ ಕಿಟಕಿಯಲ್ಲಿ ಮನ್ವಿತಾ ಎಂಬ ಹುಡುಗಿ, ಕೆಲಸಕ್ಕೆ ಸೇರಿ ಇನ್ನೂ ಎರಡು ದಿನ.

"ಹೆಸರು ಹೇಳಿ ಅಂಕಲ್."

ಪೂವಪ್ಪನ ಬಾಯಿಗೆ ಬಂದದ್ದು ಒಂದೇ ಹೆಸರು. ವಾರಕ್ಕೆರಡು ಸಲ ಇಲ್ಲಿಗೆ ಬರುವವನದ್ದು. ಅಷ್ಟರ ನಡುವೆ ಇನ್ನೊಂದು ಚೀಟಿ ಯಾರ ಕಣ್ಣಿಗೆ ಬೀಳುತ್ತದೆ?

"ವಾಲ್ಟರ್. ಕೂಳೂರು ಹೊಳೆಬದಿ. ನಿಮ್ಮ ಪುಸ್ತಕದಲ್ಲಿ ಅವನ... ನನ್ನ ಹೆಸರು ಬೇಕಾದಷ್ಟು ಕಡೆ ಉಂಟು."

"ವಯಸ್ಸು?"

"ಎಟ್ಟಿದಾ?"

"ನಿಮ್ಮದು ಅಂಕಲ್."

"ಅರವತ್ತೆರಡು ಬರೀರಿ."

"ಎಟ್ಟಿದು?"

"ಎಪ್ಪತ್ತು ದಿನ," ಎಂದ ಪೂವಪ್ಪ. ಎಟ್ಟಿಯ ವಿಷಯದಲ್ಲಿ ಸುಳ್ಳು ಹೇಳಲು ಅವನ ನಾಲಿಗೆ ಒಪ್ಪಲಿಲ್ಲ.

ಮರುದಿನ ಹತ್ತು ಗಂಟೆಗೆ ಸಮಿತಿಯ ವಾಟ್ಸಾಪಿನಲ್ಲಿ ವರದಿ ಬಿತ್ತು. ವಾಲ್ಟರ್, ಕೂಳೂರು. ಬಿಳಿ ಚುಕ್ಕಿ ರೋಗ, ಪಾಸಿಟಿವ್.

ಪೂವಪ್ಪ ಆಗ ತನ್ನ ತೂಬಿನ ಹತ್ತಿರ ನಿಂತಿದ್ದ. ಎರಡು ಸಲ ಓದಿದ. ಕೆರೆಯಲ್ಲಿ ಅಂಚಿಗೆ ಒರಗಿದ ಎಟ್ಟಿ ಈಗ ನೂರಾರು. ಒಂದು ಕಾಗೆ ತೆಂಗಿನ ಬುಡದಿಂದ ಏನನ್ನೋ ಕಚ್ಚಿಕೊಂಡು ಹಾರಿತು. ಇನ್ನೊಂದು ಅದನ್ನು ಕಸಿಯಲು ಬಂತು. ಎರಡರ ಜಗಳದಲ್ಲಿ ಆ ವಸ್ತು ಕೆರೆಯ ನಡುವಿಗೆ ಬಿತ್ತು. ಅದು ಒಣಗಿದ ಎಟ್ಟಿಯ ತಲೆ. ಬಂದರಿನ ಆರು ಕಿಲೋದ ತಲೆ.

ಪೂವಪ್ಪನಿಗೆ ಎಲ್ಲವೂ ಒಂದೇ ಬಾರಿಗೆ ಅರ್ಥವಾಯಿತು. ಹಾಗೆ ಅರ್ಥವಾಗುವುದು ಬಹಳ ಕೆಟ್ಟದ್ದು. ಮನುಷ್ಯನಿಗೆ ಕೂರಲು ಸಮಯ ಸಿಗುವುದಿಲ್ಲ.

ಹೊಳೆ ಇಳಿತದಲ್ಲಿತ್ತು. ತೂಬಿನ ಮೂರು ಹಲಗೆ ಎತ್ತಿದರೆ ಮಧ್ಯಾಹ್ನದೊಳಗೆ ಕೆರೆ ಖಾಲಿ. ನೀರೂ ಇಲ್ಲ, ಎಟ್ಟಿಯೂ ಇಲ್ಲ, ಮಾತೂ ಇಲ್ಲ. ವಾಲ್ಟರನ ಹೆಸರಿನಲ್ಲಿ ಬಂದ ರೋಗ ವಾಲ್ಟರನ ಹೆಸರಿನಲ್ಲೇ ಉಳಿಯುತ್ತದೆ. ಪೂವಪ್ಪನ ಕೈ ಮೇಲಿನ ಹಲಗೆಯ ಮೇಲೆ ಕುಳಿತಿತ್ತು. ಹಲಗೆ ಜಾರು ಜಾರಾಗಿತ್ತು, ಮೂವತ್ತು ವರ್ಷದ ಹಿಂದಿನ ಹಲಗೆಯೂ ಹೀಗೆಯೇ ಜಾರುತ್ತಿತ್ತೋ ಏನೋ. ಆ ಸತ್ತ ಮನುಷ್ಯನೂ ಹೀಗೆಯೇ ಒಂದು ಕೈ ಇಟ್ಟು, ದಾರಿಯ ಕಡೆ ನೋಡಿರಬೇಕು ಎಂದು ಮೊದಲ ಬಾರಿಗೆ ಅನ್ನಿಸಿತು. ಅವನೂ ಕೆಟ್ಟವನಾಗಿರಲಿಲ್ಲವೇನೋ, ಬರೀ ನಾಚಿಕೆಯವನಾಗಿದ್ದನೇನೋ.

ಕೈ ತೆಗೆದ. ಅಷ್ಟರಲ್ಲಿ ದಾರಿಯ ತುದಿಯಲ್ಲಿ ಜನ ಕಂಡರು.

ಮುಂದೆ ಸಮದ್, ಸಮಿತಿಯ ಕಾರ್ಯದರ್ಶಿ, ಕೈಯಲ್ಲಿ ಕೆಂಪು ಬಾವುಟ. ಹಿಂದೆ ಏಳೆಂಟು ಮಂದಿ. ಕೊನೆಯಲ್ಲಿ ವಾಲ್ಟರ್. ಎಲ್ಲರೂ ಸಾಲಾಗಿ ತೊಟ್ಟಿಯಲ್ಲಿ ಕಾಲು ಮುಳುಗಿಸಿ, ಹತ್ತು ಎಣಿಸಿ ಬಂದರು. ಬ್ಲೀಚಿಂಗ್ ಪೌಡರಿನ ಚೀಲಗಳೆಲ್ಲ ಇದ್ದದ್ದು ಪೂವಪ್ಪನ ಶೆಡ್ಡಿನಲ್ಲಿ, ಬೀಗದ ಕೈ ಅವನ ಸೊಂಟದಲ್ಲಿ.

"ಪೂವಪ್ಪಣ್ಣ, ಬೀಗದ ಕೈ ಕೊಡಿ," ಎಂದ ಸಮದ್. "ಕಾನೂನು ಕಾನೂನೇ. ಈಗಲೇ ಸುರೀಬೇಕು."

"ನಾನು ಈ ವಾರ ಎಟ್ಟಿ ಕೊಟ್ಟೇ ಇಲ್ಲ ಮಾರ್ರೆ," ಎಂದ ವಾಲ್ಟರ್. "ನನ್ನ ಎಟ್ಟಿ ಬಟ್ಟಲು ನೆಕ್ಕುವ ಹಾಗೆ ಮೇವು ತಿಂತಾ ಉಂಟು. ಇನ್ನು ಎರಡು ವಾರದಲ್ಲಿ ಹಿಡಿಯುದು. ನಮ್ಮದರಲ್ಲಿ ಎಂತದೂ ಇಲ್ಲ."

ಸಮದ್ ಮಿಕ್ಕವರ ಕಡೆಗೆ ತಿರುಗಿ ತಲೆಯಾಡಿಸಿದ. "ನೋಡಿದ್ರಾ? ಅದೇ ಮಾತು. ಪೂವಪ್ಪಣ್ಣ ಹೇಳಿದ್ದು ಅಕ್ಷರ ತಪ್ಪಿಲ್ಲ. ಮೊದಲ ಲಕ್ಷಣ."

"ಲಕ್ಷಣ ಸರಿಯಾಗಿ ಉಂಟು," ಎಂದ ಇನ್ನೊಬ್ಬ.

ವಾಲ್ಟರ್ ಪೂವಪ್ಪನನ್ನು ನೋಡಿದ. ಸಿಟ್ಟಿನ ನೋಟವಲ್ಲ, ಬಸ್ಸಿಗೆ ಕಾಯುವವನ ನೋಟ. ಎಂಬತ್ತೈದು ದಿನದ ಎಟ್ಟಿ, ಮೂರು ತಿಂಗಳು ನಿದ್ದೆಗೆಟ್ಟು ಸಾಕಿದ್ದು, ಒಂದು ಗಂಟೆಯಲ್ಲಿ ಬೆಳ್ಳಗೆ ಬೆಂದು ತೇಲಲಿತ್ತು.

ಪೂವಪ್ಪ ಬೀಗದ ಕೈ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡ, ಕೊಡಲಿಲ್ಲ.

"ರೋಗ ವಾಲ್ಟರನ ಕೆರೆಗಲ್ಲ. ನನ್ನದಕ್ಕೆ. ಎಟ್ಟಿ ಕೊಟ್ಟು ಬಂದದ್ದು ನಾನು, ಹೆಸರು ಅವನದ್ದು ಬರೆಸಿದೆ."

ಸಮದನ ಕಣ್ಣು ಒದ್ದೆಯಾಯಿತು. ಅವನು ಪೂವಪ್ಪನ ಭುಜ ಹಿಡಿದ.

"ಪೂವಪ್ಪಣ್ಣ, ನಿಮ್ಮದು ಎಂಥ ಮನಸ್ಸು! ವಾಲ್ಟರನ ಎಟ್ಟಿ ಉಳಿಸ್ಲಿಕ್ಕೆ ತನ್ನ ತಲೆ ಕೊಡುದಾ? ಬೇಡ. ನಮಗೆ ಅರ್ಥ ಆಗ್ತದೆ. ಬೀಗದ ಕೈ ಕೊಡಿ."

"ಮನಸ್ಸೂ ಇಲ್ಲ ಮಣ್ಣೂ ಇಲ್ಲ ಮಾರಾಯ! ನಾನು ಕಳ್ಳ ಅಂತ ಹೇಳ್ತಾ ಇದ್ದೇನೆ!"

"ದೊಡ್ಡವರು ಹಾಗೆಯೇ ಹೇಳುದು," ಎಂದ ಹಿಂದಿನಿಂದ ಒಬ್ಬ.

ಮೂವತ್ತು ವರ್ಷ ಕೂಡಿಟ್ಟ ಮರ್ಯಾದೆ ಇದು, ಬೇಕಾದಾಗ ಕಳೆದುಕೊಳ್ಳಲೂ ಬಿಡುವುದಿಲ್ಲ. ಪೂವಪ್ಪನಿಗೆ ನಿಜವಾಗಿಯೂ ಸಿಟ್ಟು ಬಂತು. ಸಮದನ ರಟ್ಟೆ ಹಿಡಿದು ದಂಡೆಯ ಅಂಚಿಗೆ ಎಳೆದುಕೊಂಡು ಹೋದ. ನೀರಿಗೆ ಕೈ ಹಾಕಿ ಓಡದ ಎಟ್ಟಿಗಳನ್ನು ಬೊಗಸೆಯಲ್ಲಿ ಎತ್ತಿದ. ಒಂದರ ಚಿಪ್ಪು ಕಳಚಿ ಬಿಸಿಲಿಗೆ ಹಿಡಿದ. ಈ ಸಲ ಕನ್ನಡಕ ಒರೆಸುವ ಅಗತ್ಯ ಬೀಳಲಿಲ್ಲ. ಸುಣ್ಣದ ಹನಿಗಳು ಸಾಲಾಗಿ ಕಂಡವು.

"ಓದಿ ನೋಡು," ಎಂದ. "ಇನ್ನೂ ನನ್ನ ಮನಸ್ಸು ದೊಡ್ಡದಾ?"

ಸಮದ್ ಬೊಗಸೆಯನ್ನು ನೋಡಿದ, ಪೂವಪ್ಪನ ಮುಖ ನೋಡಿದ, ಕೈಯಲ್ಲಿದ್ದ ಬಾವುಟವನ್ನು ಎಲ್ಲಿ ಇಡುವುದೆಂದು ತಿಳಿಯದೆ ಕಂಕುಳಲ್ಲಿ ಇಟ್ಟುಕೊಂಡ. ಆಗ ವಾಲ್ಟರ್ ಬಾಯಿ ಬಿಟ್ಟ.

"ವರದಿಯಲ್ಲಿ ಎಪ್ಪತ್ತು ದಿನದ ಎಟ್ಟಿ ಅಂತ ಉಂಟು. ಈ ಹೊಳೆಬದಿಯಲ್ಲಿ ಎಪ್ಪತ್ತು ದಿನದ್ದು ಒಬ್ಬನದ್ದೇ. ನನಗೆ ಬೆಳಗ್ಗೆಯೇ ಗೊತ್ತಾಗಿತ್ತು."

"ಮತ್ತೆ ಬಾಯಿ ಮುಚ್ಚಿ ನಿಂತದ್ದು ಎಂತಕ್ಕೆ?" ಪೂವಪ್ಪ ಕೇಳಿದ.

"ಹೇಳಿದ್ರೆ ಯಾರು ನಂಬ್ತಾರೆ? ನೀನು ಪಾಠ ಮಾಡಿ ಇಟ್ಟಿದ್ದೀಯಲ್ಲ. ನೀನೇ ಹೇಳ್ತೀಯಾ ಅಂತ ನೋಡಿದೆ. ಚೀಲ ಎತ್ತುವವರೆಗೆ ನೋಡ್ತಿದ್ದೆ, ಮತ್ತೆ ಬೊಬ್ಬೆ ಹೊಡೀತಿದ್ದೆ." ಕೊನೆಗೆ ಇದನ್ನೂ ಸೇರಿಸಿದ, "ಅದು ಹೋಗಲಿ. ನನ್ನ ವಯಸ್ಸು ಅರವತ್ತೆರಡು ಅಂತ ಬರೆಸಿದ್ದೀಯಲ್ಲ. ನನಗೆ ಐವತ್ತೆಂಟು ಮಾರಾಯ. ಅದು ಮಾತ್ರ ನಾನು ಬಿಡುದಿಲ್ಲ."

ಬೀಗ ತೆಗೆದದ್ದು ಪೂವಪ್ಪ. ಮೊದಲ ಚೀಲ ಹೆಗಲಿಗೇರಿಸಿದ್ದು ವಾಲ್ಟರ್. ಸಮದ್ ಹತ್ತಿರ ಬಂದು ಮೆಲ್ಲಗೆ ಹೇಳಿದ, "ಪೂವಪ್ಪಣ್ಣ, ಹೆಬ್ಬೆರಳಿನಷ್ಟು ಉಂಟಲ್ಲ ಎಟ್ಟಿ. ಬಲೆ ಹಾಕಿ ಒಳ್ಳೆದನ್ನು ತೆಗೆದು ಬಂದರಿಗೆ ಕಳಿಸಿದ್ರೆ? ತೂಬು ಎತ್ತುದಿಲ್ಲ ಅಲ್ವಾ, ಕಾನೂನು ತಪ್ಪುದಿಲ್ಲ."

ಅದು ಸರಿಯೇ. ಅವನೇ ಬರೆದ ಕಾನೂನಿನಲ್ಲಿ ಆ ಕಿಂಡಿ ಇತ್ತು. ಯಾವತ್ತಾದರೂ ವಾಲ್ಟರನಿಗೆ ಬೇಕಾದೀತು ಎಂದು ಬಿಟ್ಟದ್ದು.

"ಬೇಡ," ಎಂದ ಪೂವಪ್ಪ. "ಅಲ್ಲಿ ನನ್ನಂಥವ ಒಬ್ಬ ಬಂದು ಕಡಿಮೆ ಕ್ರಯಕ್ಕೆ ಸಿಕ್ಕಿತು ಅಂತ ಆರು ಕಿಲೋ ತೂಗಿಸ್ತಾನೆ. ಅವನಿಗೂ ಎಲ್ಲ ಗೊತ್ತಿರ್ತದೆ."

ಮೂಗಿಗೆ ಬಟ್ಟೆ ಕಟ್ಟಿಕೊಂಡು ಎಲ್ಲರೂ ಸುರಿದರು. ಕೆರೆ ಹಾಲಿನ ಹಾಗಾಯಿತು. ಸಂಜೆಗೆ ಎಪ್ಪತ್ತು ದಿನದ ಬದುಕೆಲ್ಲ ಮೇಲಕ್ಕೆ ಬಂದು ತೇಲಿತು. ವಾರಿಜಾಕ್ಷಿ ಕುದ್ರೋಳಿಯಿಂದ ಬಂದು ದಂಡೆಯ ಮೇಲೆ ಕುಳಿತಳು. ಅಳಲಿಲ್ಲ, ಗಂಡನನ್ನು ಬೈಯಲೂ ಇಲ್ಲ. "ಆ ದಿನ ಮುಂದೆ ಬನ್ನಿ ಅಂತ ಹೇಳಿದ್ದೆ," ಎಂದಳು, ಅಷ್ಟೇ. ಅಷ್ಟು ಕಡಿಮೆ ಬೈಗುಳನ್ನು ಪೂವಪ್ಪ ಅವಳಿಂದ ಎಂದೂ ಕೇಳಿರಲಿಲ್ಲ, ಆದ್ದರಿಂದ ಅದು ತುಂಬ ದಿನ ಉಳಿಯಿತು.

ಮುಂದಿನ ಸಭೆಯಲ್ಲಿ ಕಾನೂನಿನಂತೆ ಅವನು ಎದ್ದುನಿಂತ. ಬಂದರಿನ ರಾಶಿ, ಭಾಷಣ, ಸುಕ್ಕ, ತೆಂಗಿನ ಬುಡ, ಕಾಗೆ, ಒಂದನ್ನೂ ಬಿಡದೆ ಹೇಳಿದ. ಹೇಳಿ ಮುಗಿಸಿ ತಲೆ ತಗ್ಗಿಸಿ ಬೈಗುಳಿಗೆ ಕಾದ. ಬೈಗುಳು ಬರಲಿಲ್ಲ. ಒಬ್ಬ ಕೆಮ್ಮಿದ. ಇನ್ನೊಬ್ಬ ತನ್ನ ನೇರಳೆ ಉಗುರುಗಳನ್ನು ನೋಡಿಕೊಂಡ. ಸಮದ್ ಟೋಪಿ ತೆಗೆದು ತಲೆ ತುರಿಸಿಕೊಂಡ.

"ನಮ್ಮಲ್ಲಿಯೂ ತೆಂಗಿನ ಬುಡಕ್ಕೇ ಹಾಕುದು," ಎಂದ ಕೊನೆಗೆ. "ಮೊನ್ನೆ ಸಹ."

"ನಮ್ಮಲ್ಲಿ ತೆಂಗಿಗೂ ಹಾಕ್ತಾರೆ, ಮಲ್ಲಿಗೆಗೂ ಹಾಕ್ತಾರೆ," ಎಂದ ಮತ್ತೊಬ್ಬ.

ಕೇಳುತ್ತ ಹೋದರೆ ಹನ್ನೊಂದು ದಂಡೆಯಲ್ಲೂ ತೆಂಗು, ಹನ್ನೊಂದು ತೆಂಗಿನ ಬುಡದಲ್ಲೂ ಸಿಪ್ಪೆ. ಇಷ್ಟು ವರ್ಷ ಎಲ್ಲರೂ ತೊಟ್ಟಿಯಲ್ಲಿ ಕಾಲು ತೊಳೆದು, ಒಳಗೆ ಬಂದು, ಕಾಗೆಗೆ ಊಟ ಬಡಿಸುತ್ತಿದ್ದರು. ಸರದಿ ಪೂವಪ್ಪನಿಗೆ ಮೊದಲು ಬಂದಿತ್ತು, ಅಷ್ಟೇ ವ್ಯತ್ಯಾಸ.

ಪೂವಪ್ಪ ಅಧ್ಯಕ್ಷತೆ ಬಿಡುತ್ತೇನೆ ಎಂದು ಹೊಲಿದ ಕರಪತ್ರದ ಪುಸ್ತಕವನ್ನು ಮೇಜಿನ ಮೇಲಿಟ್ಟ. ಯಾರೂ ಅದನ್ನು ಮುಟ್ಟಲಿಲ್ಲ.

"ನೀನೇ ಇರು," ಎಂದ ವಾಲ್ಟರ್. "ನಮಗೆಲ್ಲ ಎಟ್ಟಿ ನೋಡ್ಲಿಕ್ಕೆ ಉಂಟು. ನಿನ್ನ ಕೆರೆ ಮಳೆಗಾಲ ಮುಗಿಯುವವರೆಗೆ ಖಾಲಿ. ತೊಟ್ಟಿಯ ಹತ್ತಿರ ಕೂತು ಹತ್ತು ಎಣಿಸ್ಲಿಕ್ಕೆ ಪುರುಸೊತ್ತು ಇರುವವ ಈಗ ನೀನೊಬ್ಬನೇ."

ಎಲ್ಲರೂ ಕೈ ಎತ್ತಿದರು. ಹೀಗೆ, ಒಂದೇ ಒಂದು ಎಟ್ಟಿಯೂ ಇಲ್ಲದ ಮನುಷ್ಯ ಎಟ್ಟಿಯ ಸಮಿತಿಗೆ ಅವಿರೋಧವಾಗಿ ಮತ್ತೆ ಅಧ್ಯಕ್ಷನಾದ. ಅವನ ಮಾತಿಗೆ ಮೊದಲಿಗಿಂತ ಬೆಲೆ ಬಂತು. ಮೂಲ್ಕಿಯ ಕಡೆಯಿಂದ ಇಬ್ಬರು ಹುಡುಕಿಕೊಂಡು ಬಂದು, "ರೋಗ ಬಂದಾಗ ಎಂತ ಮಾಡುದು ಅಂತ ನಿಮಗೇ ಗೊತ್ತಂತೆ," ಎಂದರು. ಅವರನ್ನು ತೊಟ್ಟಿಯಲ್ಲಿ ನಿಲ್ಲಿಸಿಯೇ ಒಂದು ಗಂಟೆ ಹೇಳಿದ. ಒಂದು ಮಾತನ್ನು ಮಾತ್ರ ಪಾಠದಿಂದ ತೆಗೆದುಹಾಕಿದ್ದ, ಯಜಮಾನನ ಬಾಯಿಯ ಲಕ್ಷಣದ್ದು. ಅದರ ಬದಲು, "ಪ್ರಯೋಗಾಲಯಕ್ಕೆ ಹೋಗುವಾಗ ಮಾಸ್ಕು ಬೇಡ," ಎನ್ನುತ್ತಿದ್ದ. ಅವರಿಗೆ ಅದು ಯಾವುದೋ ದೊಡ್ಡ ವಿಜ್ಞಾನದಂತೆ ಕಂಡು, ಬರೆದುಕೊಂಡರು.

ಏಪ್ರಿಲಿನ ಕೊನೆಗೆ ವಾಲ್ಟರ್ ಕೆರೆ ಹಿಡಿದ. ಆ ಹೊಳೆಬದಿಯಲ್ಲಿ ಅಷ್ಟು ದಪ್ಪದ ಎಟ್ಟಿಯನ್ನು ಯಾರೂ ಕಂಡಿರಲಿಲ್ಲ. ಮಿಕ್ಕವರ ಕೆರೆಗಳೂ ಉಳಿದವು. ಸಂಜೆ ವಾಲ್ಟರ್ ಒಂದು ಬುಟ್ಟಿ ಎಟ್ಟಿಯನ್ನು ಮಂಜು ಹಾಕಿ ಕುದ್ರೋಳಿಯ ಮನೆಗೆ ತಾನೇ ತಂದ.

"ಅರವತ್ತೆರಡು ವರ್ಷದವ ಹೊತ್ತುಕೊಂಡು ಬಂದದ್ದು," ಎಂದು ಜಗಲಿಯ ಮೇಲಿಟ್ಟು ಹೋದ.

ವಾರಿಜಾಕ್ಷಿ ಸುಕ್ಕ ಮಾಡಿದಳು. ಪೂವಪ್ಪ ಎರಡು ಸಲ ಹಾಕಿಸಿಕೊಂಡು ಉಂಡ. ಒಳ್ಳೆಯದಿತ್ತು, ತನ್ನದಕ್ಕಿಂತ ಒಳ್ಳೆಯದಿತ್ತು, ಹೇಳಲಿಲ್ಲ. ಊಟವಾದ ಮೇಲೆ ಸಿಪ್ಪೆಯ ಪಾತ್ರೆಯನ್ನು ಎತ್ತಿಕೊಂಡು ಹಿತ್ತಲಿಗೆ ನಡೆದ. ಕಾಲು ತಾನಾಗಿಯೇ ತೆಂಗಿನ ಮರದ ಬುಡಕ್ಕೆ ಹೋಗಿ ನಿಂತಿತು. ಕುದ್ರೋಳಿಯ ಈ ಮನೆಯಿಂದ ಕೆರೆಗೆ ಎಷ್ಟೋ ಮೈಲಿ. ಇಲ್ಲಿ ಹಾಕಿದರೆ ಯಾವ ಕೆರೆಗೂ ಏನೂ ಆಗಲಿಕ್ಕಿಲ್ಲ. ವಾಲ್ಟರನ ಎಟ್ಟಿಗಂತೂ ರೋಗವಿರಲೇ ಇಲ್ಲ.

ಗೋಡೆಯ ಮೇಲೆ ಒಂದು ಕಾಗೆ ಕುಳಿತು, ಕೊರಳು ಓರೆ ಮಾಡಿ ಪಾತ್ರೆಯನ್ನೇ ನೋಡುತ್ತಿತ್ತು.

ಪೂವಪ್ಪ ಪಾತ್ರೆ ಕೆಳಗಿಟ್ಟು ಹಾರೆ ತಂದ. ಮೊಣಕಾಲಿನಷ್ಟು ಅಗೆದ, ಸಾಲದೆಂದು ಸೊಂಟದಷ್ಟು ಅಗೆದ. ಹಳೆಯ ಸೊಂಟನೋವು ಎದ್ದಿತು, ನಿಲ್ಲಿಸಲಿಲ್ಲ. ಸಿಪ್ಪೆ ಸುರಿದು, ಮೇಲೊಂದು ಹಿಡಿ ಸುಣ್ಣ ಹಾಕಿ, ಮಣ್ಣು ಎಳೆದು, ಅದರ ಮೇಲೆ ಬಟ್ಟೆ ಒಗೆಯುವ ಕಲ್ಲನ್ನು ಉರುಳಿಸಿ ಇಟ್ಟ.

ವಾರಿಜಾಕ್ಷಿ ಕೈ ಒರೆಸಿಕೊಳ್ಳುತ್ತ ಹಿಂಬಾಗಿಲಿಗೆ ಬಂದು ನೋಡಿದಳು.

"ತಿಂದದ್ದು ಒಂದು ಕಿಲೋ. ಗುಂಡಿ ತೆಗೆದದ್ದು ಕೋಣ ಹೂಳುವಷ್ಟು. ನಾಳೆ ನಾನು ಬಟ್ಟೆ ಒಗೆಯುದು ಎಲ್ಲಿ?"

"ಕಲ್ಲು ಎತ್ತಬೇಡ," ಎಂದ ಪೂವಪ್ಪ, ಏದುಸಿರು ಬಿಡುತ್ತ. "ಅದು ನೋಡ್ತಾ ಉಂಟು."

ಕಾಗೆ ಇನ್ನೂ ಸ್ವಲ್ಪ ಹೊತ್ತು ಕುಳಿತು, ಬೇಸರವಾಗಿ, ಪಕ್ಕದ ಮನೆಯ ತೆಂಗಿನ ಬುಡಕ್ಕೆ ಹಾರಿ ಇಳಿಯಿತು. ಅಲ್ಲಿ ಅದಕ್ಕೆ ಊಟ ಸಿಕ್ಕಿತು. ಪೂವಪ್ಪ ಹಾರೆ ಕೈಯಲ್ಲೇ ಹಿಡಿದುಕೊಂಡು ಪಕ್ಕದ ಮನೆಯ ಗೇಟಿನ ಕಡೆಗೆ ಹೊರಟ. ವಾರಿಜಾಕ್ಷಿ ಹಿಂದಿನಿಂದ ಎಷ್ಟು ಕರೆದರೂ ತಿರುಗಿ ನೋಡಲಿಲ್ಲ.